ಚರ್ಮಕ್ಕೆ ಹಚ್ಚುವ ಸೊಪ್ಪು, ಹೂವು: ಮನೆಯಲ್ಲೇ ಬೆಳೆಯುವುದು, ಒಣಗಿಸುವುದು, ಬಳಸುವುದು

ಹೂವಿನ ಮಾರ್ಕೆಟ್ಟಿನಿಂದ ತಂದ ಗುಲಾಬಿಯನ್ನು ಅರೆದು ಮುಖಕ್ಕೆ ಹಚ್ಚಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಗೆ ಬರುವ ಗುಲಾಬಿ, ಸೇವಂತಿಗೆ ಎಲ್ಲ ಪೂಜೆಗೆ, ಮುಡಿಯುವುದಕ್ಕೆ ಬೆಳೆದದ್ದು. ತಿನ್ನುವ ಬೆಳೆಯಲ್ಲವಲ್ಲ, ಹಾಗಾಗಿ ಔಷಧಿ ಹೊಡೆದು ಎಷ್ಟು ದಿನಕ್ಕೆ ಕೊಯ್ದರು ಅಂತ ಕೇಳುವವರು ಕಡಿಮೆ. ನೀರಲ್ಲಿ ತೊಳೆದರೆ ಪೂರ್ತಿ ಹೋಗುತ್ತದೆ ಅನ್ನುವ ನಂಬಿಕೆಯೂ ಬೇಡ. ಮನೆಯಲ್ಲೇ ಬೆಳೆಯಿರಿ ಅಂತ ನಾನು ಹೇಳುವುದಕ್ಕೆ ದೊಡ್ಡ ಕಾರಣ ಇದೇ. ದುಡ್ಡು ಉಳಿಯುತ್ತದೋ ಇಲ್ಲವೋ, ಗಿಡಕ್ಕೆ ಏನು ಹಾಕಿದ್ದೀರಿ ಅನ್ನುವುದಂತೂ ನಿಮಗೆ ಗೊತ್ತಿರುತ್ತದೆ.

ಇನ್ನೊಂದು ವಿಷಯ. ಗಿಡ ಬೆಳೆಸುವುದು ಕಷ್ಟವೇನಲ್ಲ, ಮುಖಕ್ಕೆ ಹಚ್ಚುವ ಪುಡಿ ಕಲಸುವುದಂತೂ ಇನ್ನೂ ಸುಲಭ. ಜನ ಸೋಲುವುದು ಇವೆರಡರ ನಡುವೆ, ಕೊಯ್ದದ್ದನ್ನು ಒಣಗಿಸುವಲ್ಲಿ. ಸರಿಯಾಗಿ ಒಣಗದ ಹೂವನ್ನು ಎಣ್ಣೆಗೆ ಹಾಕಿ, ಹದಿನೈದು ದಿನಕ್ಕೆ ಬೂಸಲು ಬಂತು, ನಾತ ಹೊಡೆಯಿತು ಅಂತ ಚೆಲ್ಲಿ, ಆಮೇಲೆ ಇದೆಲ್ಲ ಆಗದ ಕೆಲಸ ಅಂತ ಕೈಬಿಡುತ್ತಾರೆ. ಅದಕ್ಕೇ ಒಣಗಿಸುವ ಭಾಗವನ್ನು ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ. ದಯವಿಟ್ಟು ಅದನ್ನು ಹಾರಿಸಿ ಓದಬೇಡಿ.

ಇಲ್ಲಿ ಹೇಳುವ ತಿಂಗಳುಗಳು ಬೆಂಗಳೂರು, ಮೈಸೂರು, ತುಮಕೂರು ಕಡೆಯ ಹವೆಗೆ ಸರಿಹೋಗುತ್ತವೆ. ಕರಾವಳಿ, ಮಲೆನಾಡು, ಉತ್ತರ ಕರ್ನಾಟಕಕ್ಕೆ ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲಲ್ಲೇ ಹೇಳುತ್ತೇನೆ.

ಜಾಗ ಮತ್ತು ಮಣ್ಣು

ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ತಾರಸಿ ಅಥವಾ ಬಾಲ್ಕನಿ ಸಾಕು. ಬಿಸಿಲು ಅದಕ್ಕಿಂತ ಕಡಿಮೆ ಇದ್ದರೆ ಗುಲಾಬಿ, ಕ್ಯಾಲೆಂಡುಲಾ (ಹಳದಿ-ಕಿತ್ತಳೆ ಬಣ್ಣದ ಒಂದು ಹೂವು) ಆಸೆ ಬಿಡಿ. ಒಂದೆಲಗ, ಅರಿಶಿನ, ಲೋಳೆಸರ ಹಾಕಿ, ಇವು ಅರ್ಧ ನೆರಳಿನಲ್ಲೂ ಬದುಕುತ್ತವೆ. ಕಲಬುರಗಿ, ರಾಯಚೂರು ಕಡೆಯವರು ಏಪ್ರಿಲ್-ಮೇ ತಿಂಗಳಲ್ಲಿ ಶೇಕಡಾ 50ರ ಹಸಿರು ನೆರಳು ಬಲೆ ಕಟ್ಟಲೇಬೇಕು. ಇಲ್ಲದಿದ್ದರೆ ಕುಂಡದ ಮಣ್ಣೇ ಕಾದು ಬೇರು ಸಾಯುತ್ತದೆ.

ಮಣ್ಣಿಗೆ ದೊಡ್ಡ ಲೆಕ್ಕ ಏನಿಲ್ಲ. ಕೆಂಪು ಮಣ್ಣು ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಲೋಳೆಸರಕ್ಕೆ ಮಾತ್ರ ಇದು ಆಗುವುದಿಲ್ಲ, ಅದಕ್ಕೆ ಅರ್ಧದಷ್ಟು ಮರಳು ಬೇಕು. 12 ಇಂಚಿನ ಗ್ರೋ ಬ್ಯಾಗ್ ಹೆಚ್ಚಿನ ಗಿಡಗಳಿಗೆ ಸಾಕಾಗುತ್ತದೆ. ಅರಿಶಿನ ಅಗಲಕ್ಕೆ ಬೆಳೆಯುತ್ತದೆ, ಲಾವಂಚ ಆಳಕ್ಕೆ ಇಳಿಯುತ್ತದೆ, ಹಾಗಾಗಿ ಅವೆರಡಕ್ಕೆ ದೊಡ್ಡದು ಬೇಕು. ತಳದಲ್ಲಿ ತೂತು ಇದೆಯಾ ಅಂತ ನೋಡಿ. ಪೇಂಟಿನ ಹಳೇ ಬಕೆಟ್ಟು, ಕೆಮಿಕಲ್ ಬಂದ ಡ್ರಮ್ಮು ಬೇಡ. ಚರ್ಮಕ್ಕೆ ಹಚ್ಚುವ ಗಿಡ ಅಲ್ವಾ.

ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ. ಒಳಗೆ ಒದ್ದೆ ಇದ್ದರೆ ಅವತ್ತು ನೀರು ಬೇಡ. ಕುಂಡದ ಗಿಡಗಳು ಒಣಗಿ ಸಾಯುವುದಕ್ಕಿಂತ ನೀರು ಜಾಸ್ತಿಯಾಗಿ ಸಾಯುವುದೇ ಹೆಚ್ಚು.

ಸಸಿಗಳಿಗೆ ಬೆಂಗಳೂರಿನವರು ಲಾಲ್‌ಬಾಗ್ ನರ್ಸರಿಗೋ, ಪಕ್ಕದ ಸಿದ್ದಾಪುರದ ನರ್ಸರಿ ಸಾಲಿಗೋ ಹೋದರೆ ಬಹುತೇಕ ಎಲ್ಲ ಸಿಗುತ್ತದೆ. ಬೇರೆ ಊರಿನವರು ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಆದರೆ ನಿಜ ಹೇಳಬೇಕೆಂದರೆ ಲೋಳೆಸರ, ಒಂದೆಲಗ, ದಾಸವಾಳ, ತುಳಸಿ ಇವನ್ನು ದುಡ್ಡು ಕೊಟ್ಟು ತರುವ ಅಗತ್ಯವೇ ಇಲ್ಲ, ಅಕ್ಕಪಕ್ಕದ ಮನೆಯಲ್ಲಿ ಕೇಳಿದರೆ ಖುಷಿಯಿಂದ ಕೊಡುತ್ತಾರೆ. ನರ್ಸರಿಯಿಂದ ತಂದ ಗಿಡವಾದರೆ ಅದರ ಮೇಲಿರುವ ಎಲೆ, ಹೂವನ್ನು ಬಳಸಬೇಡಿ. ಎರಡು ತಿಂಗಳು ನಿಮ್ಮ ಆರೈಕೆಯಲ್ಲಿ ಬೆಳೆದು ಬಂದ ಹೊಸ ಚಿಗುರಿನಿಂದ ಶುರು ಮಾಡಿ.

ಮೊದಲ ವರ್ಷಕ್ಕೆ ಈ ಗಿಡಗಳು

ಲೋಳೆಸರ. ಇದರಿಂದಲೇ ಶುರು ಮಾಡಿ. ದೊಡ್ಡ ಗಿಡದ ಬುಡದಲ್ಲಿ ಏಳುವ ಮರಿಯನ್ನು ಬೇರಿನ ಸಮೇತ ಕಿತ್ತು, ಒಂದೆರಡು ದಿನ ನೆರಳಿನಲ್ಲಿ ಹಾಗೇ ಬಿಟ್ಟು, ಗಾಯ ಒಣಗಿದ ಮೇಲೆ ನೆಡಿ. ವಾರ-ಹತ್ತು ದಿನಕ್ಕೊಮ್ಮೆ ನೀರು. ಮಳೆಗಾಲದಲ್ಲಿ ಸಜ್ಜೆ ಕೆಳಗೆ ಇಡಿ. ಎಲೆ ದಪ್ಪಗಾಗಲು ಒಂದೂವರೆ-ಎರಡು ವರ್ಷ ಬೇಕು, ಮರಿ ಗಿಡದ ಎಲೆ ಕೊಯ್ದರೆ ಸಿಪ್ಪೆಯೇ ಸಿಗುತ್ತದೆ, ತಿರುಳು ಇರುವುದಿಲ್ಲ.

ಎಲೆ ಕೊಯ್ಯುವ ರೀತಿ ಮುಖ್ಯ. ಯಾವಾಗಲೂ ಹೊರಗಿನ ಸುತ್ತಿನ ಎಲೆಯನ್ನೇ ಬುಡದಿಂದ ಕೊಯ್ಯಿರಿ. ಕೊಯ್ದ ಕೂಡಲೇ ತುದಿಯಲ್ಲಿ ಹಳದಿ ರಸ ಜಿನುಗುತ್ತದೆ. ಅದು ಕಹಿ, ಅದಕ್ಕೊಂದು ಘಾಟು ವಾಸನೆ, ಬಟ್ಟೆಗೆ ತಾಗಿದರೆ ಕಂದು ಕಲೆ ಆಗುತ್ತದೆ. ಲೋಳೆಸರ ಹಚ್ಚಿದರೆ ನನಗೆ ತುರಿಕೆ ಬರುತ್ತದೆ ಅನ್ನುವವರಲ್ಲಿ ಎಷ್ಟೋ ಜನಕ್ಕೆ ತುರಿಸುವುದು ಒಳಗಿನ ತಿರುಳಿನಿಂದಲ್ಲ, ಈ ಹಳದಿ ರಸದಿಂದ. ಎಲೆಯನ್ನು ಒಂದು ಲೋಟದಲ್ಲಿ ಕೊಯ್ದ ಬಾಯಿ ಕೆಳಗೆ ಮಾಡಿ ಕಾಲು ಗಂಟೆಯಾದರೂ ನಿಲ್ಲಿಸಿ. ಲೋಟದ ತಳದಲ್ಲಿ ಹಳದಿ ನೀರು ನಿಂತದ್ದು ಕಾಣುತ್ತದೆ. ಆಮೇಲೆ ತೊಳೆದು, ಎರಡೂ ಬದಿಯ ಮುಳ್ಳು ತೆಗೆದು, ಸಿಪ್ಪೆಯನ್ನು ಸ್ವಲ್ಪ ದಪ್ಪಕ್ಕೇ ಸುಲಿಯಿರಿ, ಏಕೆಂದರೆ ಆ ರಸ ಇರುವುದು ಸಿಪ್ಪೆಗೆ ಅಂಟಿಕೊಂಡೇ. ತಿರುಳನ್ನು ಇನ್ನೊಮ್ಮೆ ತೊಳೆಯಿರಿ. ಗಾಜಿನಂತೆ ಕಾಣಬೇಕು, ಹಳದಿ ಛಾಯೆ ಇರಬಾರದು.

ಗುಲಾಬಿ. ಪರಿಮಳ ಇಲ್ಲದ ಡಚ್ ಗುಲಾಬಿಯಿಂದ ಪ್ರಯೋಜನ ಇಲ್ಲ. ನಸುಗೆಂಪು ಬಣ್ಣದ ಪನ್ನೀರು ಗುಲಾಬಿ ಅಥವಾ ಘಮ ಇರುವ ಯಾವುದಾದರೂ ನಾಟಿ ಗುಲಾಬಿ ಹುಡುಕಿ. ಪೆನ್ಸಿಲ್ ದಪ್ಪದ, ನಾಲ್ಕೈದು ಕಣ್ಣಿರುವ ಕಡ್ಡಿಯನ್ನು ಜೂನ್-ಜುಲೈನಲ್ಲಿ ನೆಟ್ಟರೆ ಬೇರು ಬಿಡುತ್ತದೆ. ಬಿಸಿಲು ಚೆನ್ನಾಗಿ ಬೇಕು, ಗೊಬ್ಬರವೂ ಬೇಕು. ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಹಾಕಿ. ಮಳೆ ನಿಂತ ಮೇಲೆ, ಅಕ್ಟೋಬರ್ ಸುಮಾರಿಗೆ, ಹಳೇ ಕಡ್ಡಿಗಳನ್ನು ಅರ್ಧಕ್ಕೆ ಕತ್ತರಿಸಿದರೆ ಚಳಿಗಾಲದಲ್ಲಿ ಹೂವು ತುಂಬುತ್ತದೆ. ಎಲೆಗೆ ಕಪ್ಪು ಚುಕ್ಕೆ ಬಂದರೆ ಆ ಎಲೆಗಳನ್ನು ಕಿತ್ತು ಹೊರಗೆ ಹಾಕಿ, ಕುಂಡದಲ್ಲೇ ಉದುರಲು ಬಿಡಬೇಡಿ. ನೀರನ್ನು ಬುಡಕ್ಕೆ ಮಾತ್ರ ಹಾಕಿ.

ಕ್ಯಾಲೆಂಡುಲಾ. ಇದನ್ನೂ ಚೆಂಡು ಹೂವನ್ನೂ ಒಂದೇ ಅಂದುಕೊಳ್ಳಬೇಡಿ. ಚೆಂಡು ಹೂವು ಕೆಲವರ ಚರ್ಮಕ್ಕೆ ಬಿಸಿಲು ತಾಗಿದಾಗ ಉರಿ ತರಿಸುತ್ತದೆ, ಅದು ಬಾಗಿಲಿಗೇ ಇರಲಿ. ಕ್ಯಾಲೆಂಡುಲಾ ನಮ್ಮಲ್ಲಿ ಚಳಿಗಾಲದ ಹೂವು. ಅಕ್ಟೋಬರ್‌ನಲ್ಲಿ ಬೀಜ ಹಾಕಿದರೆ ಎರಡು ತಿಂಗಳ ಒಳಗೆ ಹೂವು ಶುರುವಾಗಿ, ಮಾರ್ಚ್ ಬಿಸಿಲಿಗೆ ಗಿಡ ಮುಗಿಯುತ್ತದೆ. ಕರಾವಳಿಯ ಸೆಕೆಗೆ ಅಷ್ಟು ಚೆನ್ನಾಗಿ ಬರುವುದಿಲ್ಲ, ಮಂಗಳೂರು-ಉಡುಪಿ ಕಡೆಯವರು ಇದರ ಹಿಂದೆ ಬೀಳದೆ ಒಂದೆಲಗಕ್ಕೆ ಹೋಗಿ. ಎರಡು-ಮೂರು ದಿನಕ್ಕೊಮ್ಮೆ ಹೂವು ಕೊಯ್ಯುತ್ತಲೇ ಇರಬೇಕು, ಬಿಟ್ಟರೆ ಬೀಜ ಕಟ್ಟಿ ಗಿಡ ಸುಸ್ತಾಗುತ್ತದೆ. ಕೊಯ್ಯುವಾಗ ಬೆರಳಿಗೆ ಅಂಟು ಅಂಟು ಆಗುತ್ತದೆ. ಹೂವಿನ ಹಸಿರು ತೊಟ್ಟಿನಲ್ಲಿರುವ ರಾಳ ಅದು, ಎಣ್ಣೆಗೆ ಬೇಕಾದ್ದು ಅದೇ. ಅದಕ್ಕೇ ಎಸಳು ಮಾತ್ರ ಕೀಳದೆ ಪೂರ್ತಿ ಹೂವನ್ನೇ ತೆಗೆಯಿರಿ.

ಅರಿಶಿನ. ಚಾಮರಾಜನಗರದ ಕಡೆ ಹೊಲಗಟ್ಟಲೆ ಬೆಳೆಯುವುದನ್ನು ನೋಡಿರುತ್ತೀರಿ, ಕುಂಡದಲ್ಲೂ ಅಷ್ಟೇ ಚೆನ್ನಾಗಿ ಬರುತ್ತದೆ. ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ, ಮೊಳಕೆ ಕಣ್ಣಿರುವ ಹಸಿ ಕೊಂಬನ್ನು ಎರಡಿಂಚು ಆಳಕ್ಕೆ ಇಡಿ. ನಾಲ್ಕು ತುಂಡಿಗೆ 18 ಇಂಚು ಅಗಲದ ಚೀಲ ಬೇಕು. ಎಂಟೊಂಬತ್ತು ತಿಂಗಳಿಗೆ, ಸಂಕ್ರಾಂತಿಯ ಆಸುಪಾಸು, ಎಲೆ ತಾನಾಗಿ ಹಳದಿಯಾಗಿ ಒಣಗಿ ಬೀಳುತ್ತದೆ. ಆಗ ನೀರು ನಿಲ್ಲಿಸಿ, ಎರಡು ವಾರ ಬಿಟ್ಟು ಅಗೆಯಿರಿ. ಹಳದಿ ಎದ್ದು ಕಾಣಲಿ ಅಂತ ಅರಿಶಿನದ ಪುಡಿಗೆ ಸೀಸ ಇರುವ ಬಣ್ಣ ಬೆರೆಸಿ ಸಿಕ್ಕಿಬಿದ್ದ ಉದಾಹರಣೆಗಳು ಇವೆ, ಹಾಗಾಗಿ ಮನೆಯ ಅರಿಶಿನದ ನೆಮ್ಮದಿಯೇ ಬೇರೆ.

ಕಸ್ತೂರಿ ಅರಿಶಿನ ಸಿಕ್ಕರೆ ಇನ್ನೂ ಒಳ್ಳೆಯದು, ಮುಖ ಅಷ್ಟು ಹಳದಿಯಾಗುವುದಿಲ್ಲ. ಆ ಹೆಸರಲ್ಲಿ ಅಂಗಡಿಯಲ್ಲಿ ಮಾರುವ ಪುಡಿಯಲ್ಲಿ ಬೇರೆ ಜಾತಿಯ ಗೆಡ್ಡೆಯೇ ಎಷ್ಟೋ ಸಲ ಇರುತ್ತದೆ. ಗೆಡ್ಡೆ ಕೊಂಡರೆ ಮುರಿದು ನೋಡಿ: ಒಳಗೆ ತಿಳಿ ಹಳದಿ, ಮೂಗಿಗೆ ಕರ್ಪೂರದ ಘಾಟು.

ಒಂದೆಲಗ. ಕೊರಿಯಾದ ದುಬಾರಿ ಕ್ರೀಮುಗಳ ಮೇಲೆ ಸಿಕಾ ಅಂತ ಬರೆದಿರುತ್ತಾರಲ್ಲ, ಅದು ಇದೇ ಗಿಡ. ನಾವು ತಂಬುಳಿ ಮಾಡಿ ತಿನ್ನುತ್ತೇವೆ, ತುಳುವರು ತಿಮರೆ ಅನ್ನುತ್ತಾರೆ. ಬೇರು ಬಿಟ್ಟ ಒಂದು ಬಳ್ಳಿ ತುಂಡು ಸಾಕು, ಅಗಲದ ಟ್ರೇಯಲ್ಲಿ ಹರಡಿಕೊಳ್ಳುತ್ತದೆ. ಅರ್ಧ ನೆರಳು, ಯಾವಾಗಲೂ ತೇವ. ಮೋರಿ ಪಕ್ಕ, ಗದ್ದೆ ಬದುವಿನಲ್ಲಿ ಸಿಗುವುದನ್ನು ನೇರ ಬಳಸಬೇಡಿ, ಅದು ನಿಂತ ನೀರಿನ ಕೊಳೆಯನ್ನೆಲ್ಲ ಹೀರಿರುತ್ತದೆ. ತಂದು ನೆಟ್ಟು, ಹೊಸ ಎಲೆ ಬಂದ ಮೇಲೆ ಕೊಯ್ಯಿರಿ.

ದಾಸವಾಳ. ಐದು ಎಸಳಿನ ಕೆಂಪು ನಾಟಿ ದಾಸವಾಳವೇ ಬೇಕು. ಹೂವಿಗಿಂತ ಎಲೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಮಳೆಗಾಲದಲ್ಲಿ ಕಡ್ಡಿ ನೆಟ್ಟರೆ ಆಯಿತು. ತೊಂದರೆ ಒಂದೇ, ಬಿಳಿ ಹಿಟ್ಟು ತಿಗಣೆ. ಕಂಡ ದಿನವೇ ಆ ತುದಿ ಚಿವುಟಿ ಹಾಕಿ, ಜೋರು ನೀರು ಹೊಡೆಯಿರಿ. ಆಗಲೂ ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪಿನ ನೀರು ಸೇರಿಸಿ ಕುಲುಕಿ, ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಸಿಂಪಡಿಸಿದ ಮೇಲೆ ಒಂದು ವಾರ ಆ ಗಿಡದಿಂದ ಏನೂ ಕೊಯ್ಯಬೇಡಿ.

ಲಾವಂಚ. ತಾಳ್ಮೆ ಇದ್ದವರಿಗೆ. ಗೊಬ್ಬರದ ಖಾಲಿ ಚೀಲವಲ್ಲ, ತೊಳೆದ ಅಕ್ಕಿ ಚೀಲಕ್ಕೆ ಮರಳು ಮಿಶ್ರ ಮಣ್ಣು ತುಂಬಿ, ಬುಡದ ಒಂದು ಸೀಳನ್ನು ನೆಟ್ಟು ಒಂದೂವರೆ ವರ್ಷ ಮರೆತುಬಿಡಿ. ಆಮೇಲೆ ಚೀಲವನ್ನೇ ಹರಿದು ಬೇರು ತೆಗೆದು ತೊಳೆದರೆ ಮನೆಯೆಲ್ಲ ಘಮ.

ತುಳಸಿ ಹೇಗೂ ಇರುತ್ತದೆ. ಕದಿರು ಬಂದ ಹಾಗೆ ಚಿವುಟುತ್ತಾ ಇದ್ದರೆ ಎಲೆ ಜಾಸ್ತಿ. ಗರುಗವನ್ನು (ಭೃಂಗರಾಜ) ಯಾರೂ ಬೆಳೆಯಬೇಕಿಲ್ಲ, ಒದ್ದೆ ಜಾಗದಲ್ಲಿ ತಾನೇ ಹುಟ್ಟುತ್ತದೆ, ಒಂದು ಸಸಿ ತಂದು ಕುಂಡಕ್ಕೆ ಹಾಕಿಕೊಳ್ಳಿ. ಬೇವು ಕುಂಡದ ಗಿಡವಲ್ಲ, ರಸ್ತೆಯ ಧೂಳಿನಿಂದ ದೂರ ಇರುವ ಮರದಿಂದ ಎಲೆ ತನ್ನಿ. ಗೋರಂಟಿಗೆ ಜಾಗ ಇದ್ದರೆ ಬೇಲಿಯಾಗಿ ನೆಡಿ. ನೀಲಿ ಶಂಖಪುಷ್ಪ ನೋಡಲು ಚಂದ, ಮುಖಕ್ಕೆ ಅದರಿಂದ ಏನೋ ಮ್ಯಾಜಿಕ್ ಆಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಶ್ರೀಗಂಧ ನೆಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. 2001ರ ಕಾಯ್ದೆ ತಿದ್ದುಪಡಿಯ ನಂತರ ನಮ್ಮ ಜಮೀನಿನ ಗಂಧದ ಮರ ನಮ್ಮದೇ, ನೆಡಲು ಅಡ್ಡಿಯಿಲ್ಲ. ಆದರೆ ಅದು ಬೇರೆ ಗಿಡದ ಬೇರಿನಿಂದ ಆಹಾರ ಹೀರಿ ಬೆಳೆಯುವ ಮರ, ಒಳಗೆ ಚೇಗು (ಪರಿಮಳದ ಗಟ್ಟಿ ತಿರುಳು) ಕಟ್ಟಲು ವರ್ಷಾನುಗಟ್ಟಲೆ ಬೇಕು, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಫೇಸ್‌ಪ್ಯಾಕಿಗೋಸ್ಕರ ಅಷ್ಟೆಲ್ಲ ಯಾಕೆ?

ಕೊಯ್ಯುವುದು, ಒಣಗಿಸುವುದು

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೊಯ್ಯಿರಿ. ಏಳೂವರೆಯಿಂದ ಒಂಬತ್ತರ ಒಳಗೆ ಅಂದುಕೊಳ್ಳಿ. ಮಳೆ ಬಂದ ಮಾರನೇ ದಿನ ಬೇಡ. ಗುಲಾಬಿ ಅರ್ಧ ಬಿರಿದಿರಬೇಕು, ಕ್ಯಾಲೆಂಡುಲಾ ಪೂರ್ತಿ ಅರಳಿರಬೇಕು. ಹೂವನ್ನು ತೊಳೆಯಬೇಡಿ, ಸುಮ್ನೆ ಕೊಡವಿ, ಹುಳ ಇದ್ದರೆ ಹೋಗುತ್ತದೆ. ಎಲೆಗೆ ಧೂಳಿದ್ದರೆ ಹಿಂದಿನ ದಿನ ಸಂಜೆಯೇ ಗಿಡಕ್ಕೆ ನೀರು ಚಿಮುಕಿಸಿ ತೊಳೆದಿಡಿ.

ಒಣಗಿಸುವುದು ನೆರಳಿನಲ್ಲಿ. ನೇರ ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಗುತ್ತದೆ, ಪರಿಮಳವೂ ಹೋಗುತ್ತದೆ. ಮೊರದಲ್ಲೋ ಚಾಪೆಯ ಮೇಲೋ ತೆಳು ಹತ್ತಿ ಬಟ್ಟೆ ಹಾಸಿ, ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಗಾಳಿಯಾಡುವ ಕೋಣೆಯಲ್ಲಿಡಿ. ಫ್ಯಾನ್ ಹಾಕಬಹುದು. ದಿನಕ್ಕೊಮ್ಮೆ ತಿರುವಿ ಹಾಕಿ. ಪೇಪರ್ ಮೇಲೆ ಬೇಡ, ಅಚ್ಚಿನ ಶಾಯಿ ಹತ್ತುತ್ತದೆ. ಗುಲಾಬಿ ಎಸಳು, ತುಳಸಿ, ಬೇವು ನಾಲ್ಕೈದು ದಿನಕ್ಕೆ ಆಗುತ್ತದೆ. ಕ್ಯಾಲೆಂಡುಲಾಕ್ಕೆ ಒಂದು ವಾರ, ಹತ್ತು ದಿನವೂ ಬೇಕಾಗಬಹುದು. ಅದರ ಎಸಳು ಗರಿಗರಿಯಾದರೂ ಹಸಿರು ತೊಟ್ಟಿನೊಳಗೆ ತೇವ ಕೂತಿರುತ್ತದೆ, ಬೂಸಲು ಶುರುವಾಗುವುದು ಅಲ್ಲಿಂದಲೇ. ಒಂದು ಹೂವನ್ನು ತೊಟ್ಟಿನ ಮಧ್ಯಕ್ಕೆ ಮುರಿದು ನೋಡಿ. ಪಟ್ ಅಂತ ಮುರಿದರೆ ಆಯಿತು, ಬಾಗಿದರೆ ಇನ್ನೂ ಇಲ್ಲ.

ಅರಿಶಿನವನ್ನು ತೊಳೆದು, ಚಿಪ್ಸ್ ಹೆಚ್ಚುವ ಮಣೆಯಲ್ಲಿ ತೆಳ್ಳಗೆ ಬಿಲ್ಲೆ ಮಾಡಿ. ಇದನ್ನು ಮಾತ್ರ ಬಿಸಿಲಲ್ಲಿ ಒಣಗಿಸಬಹುದು, ಮೇಲೊಂದು ತೆಳು ಬಟ್ಟೆ ಮುಚ್ಚಿ. ಕೈಗೆ, ಮಣೆಗೆ ಹಳದಿ ಹತ್ತುತ್ತದೆ, ಮೊದಲೇ ಎಣ್ಣೆ ಸವರಿಕೊಂಡರೆ ಸ್ವಲ್ಪ ವಾಸಿ.

ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆರಳಲ್ಲಿ ಏನೂ ಒಣಗುವುದಿಲ್ಲ, ಒಣಗಿದ್ದೂ ಮತ್ತೆ ಮೆತ್ತಗಾಗುತ್ತದೆ. ಆ ತಿಂಗಳುಗಳಲ್ಲಿ ಒಲೆ ಮೇಲಿನ ಅಟ್ಟ ಇದ್ದವರು ಪುಣ್ಯವಂತರು, ಆದರೆ ಹೊಗೆ ವಾಸನೆ ಹತ್ತದ ಹಾಗೆ ಬಟ್ಟೆಯಲ್ಲಿ ಸುತ್ತಿಡಿ. ಇಲ್ಲದವರು ಓವನ್ನನ್ನು 50 ಡಿಗ್ರಿಗಿಂತ ಕೆಳಗಿಟ್ಟು, ಬಾಗಿಲು ಸ್ವಲ್ಪ ತೆರೆದು, ಎರಡು-ಮೂರು ಗಂಟೆ ಬಿಡಿ.

ಒಣಗಿದ್ದನ್ನು ನೇರವಾಗಿ ಕಪಾಟಿಗೆ ಸೇರಿಸಬೇಡಿ. ಪೂರ್ತಿ ಒಣಗಿದ ಗಾಜಿನ ಭರಣಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಒಂದು ವಾರ ಕಣ್ಣಿಗೆ ಬೀಳುವ ಕಡೆ ಇಟ್ಟು ದಿನಾ ನೋಡಿ. ಗಾಜಿನ ಒಳಗೆ ಮಂಜು ಹಿಡಿದ ಹಾಗೆ ಕಂಡರೆ ಅಥವಾ ಎಸಳು ಒಂದಕ್ಕೊಂದು ಅಂಟಿದರೆ ಹೊರಗೆ ತೆಗೆದು ಮತ್ತೆ ಒಣಗಿಸಿ. ವಾರ ಪೂರ್ತಿ ಸರಿಯಿದ್ದರೆ ದಿನಾಂಕ ಬರೆದು ಕತ್ತಲ ಜಾಗಕ್ಕೆ ಹಾಕಿ. ಒಂದು ವರ್ಷದ ಒಳಗೆ ಬಳಸಿ ಮುಗಿಸಿ.

ಇನ್ನು ತಯಾರಿ

ಒಂದು ನಿಯಮ ನೆನಪಿಡಿ. ಪುಡಿ ತಿಂಗಳುಗಟ್ಟಲೆ ಇರುತ್ತದೆ, ಎಣ್ಣೆಯೂ ಇರುತ್ತದೆ, ಆದರೆ ನೀರು ಸೇರಿದ ಯಾವುದೂ ಇರುವುದಿಲ್ಲ. ವಿಟಮಿನ್ ಇ ಕ್ಯಾಪ್ಸೂಲ್ ಹಿಂಡಿದರೆ ಕೆಡುವುದಿಲ್ಲ ಅಂತ ಹೇಳುತ್ತಾರಲ್ಲ, ಅದು ಎಣ್ಣೆ ಕಮಟಾಗುವುದನ್ನು ತಡ ಮಾಡುತ್ತದೆ ಅಷ್ಟೇ, ಬ್ಯಾಕ್ಟೀರಿಯಾ, ಬೂಸಲು ಇವನ್ನು ತಡೆಯುವುದಿಲ್ಲ. ಹಾಗಾಗಿ ನೀರಿನ ಐಟಂಗಳನ್ನು ಅವತ್ತಿನದು ಅವತ್ತೇ ಮಾಡಿ, ಇಲ್ಲವೇ ಫ್ರಿಜ್ಜಿನಲ್ಲಿಟ್ಟು ಕೆಳಗೆ ಹೇಳಿದಷ್ಟು ದಿನದೊಳಗೆ ಮುಗಿಸಿ.

ಸ್ನಾನದ ಪುಡಿ. ಹೆಸರುಕಾಳು 250 ಗ್ರಾಂ, ಕಡಲೆಬೇಳೆ 100 ಗ್ರಾಂ, ಅಕ್ಕಿ 50 ಗ್ರಾಂ, ಒಣ ಗುಲಾಬಿ ಎಸಳು ಎರಡು ಹಿಡಿ, ತುಳಸಿ ಮತ್ತು ಬೇವು ಸೇರಿ ಒಂದು ಹಿಡಿ, ಲಾವಂಚದ ಬೇರು ಸಣ್ಣ ಹಿಡಿ, ಅರಿಶಿನದ ಬಿಲ್ಲೆ ಏಳೆಂಟು. ಕಾಳುಗಳನ್ನು ಒಂದು ದಿನ ಬಿಸಿಲಿಗೆ ಹಾಕಿ, ಹುರಿಯುವುದು ಬೇಡ. ಲಾವಂಚವನ್ನು ಕತ್ತರಿಯಲ್ಲಿ ಚಿಕ್ಕದಾಗಿ ಕತ್ತರಿಸಿ, ಇಲ್ಲದಿದ್ದರೆ ಮಿಕ್ಸಿ ಬ್ಲೇಡಿಗೆ ದಾರದ ಹಾಗೆ ಸುತ್ತಿಕೊಳ್ಳುತ್ತದೆ. ಗಿರಣಿಗೆ ಕೊಡುವುದಾದರೆ ಒಂದು ಎಚ್ಚರ: ನಿಮಗಿಂತ ಮುಂಚೆ ಯಾರಾದರೂ ಖಾರದ ಪುಡಿ ಮಾಡಿಸಿದ್ದಾರಾ ಅಂತ ಕೇಳಿ. ಮಾಡಿಸಿದ್ದರೆ ಸುಮ್ಮನೆ ಮನೆಗೆ ಬನ್ನಿ. ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿಯಿರಿ, ತರಿ ಉಳಿದರೆ ಮುಖ ಗೀಚುತ್ತದೆ. ಬಳಸುವಾಗ ಒಣಗಿದ ಚಮಚದಲ್ಲಿ ತೆಗೆದು, ಅಂಗೈಯಲ್ಲೇ ನೀರು ಅಥವಾ ಮೊಸರಿನಲ್ಲಿ ಕಲಸಿ. ಡಬ್ಬಿಯನ್ನು ಬಚ್ಚಲುಮನೆಯಲ್ಲಿ ಇಡಲೇಬೇಡಿ. ಎರಡು-ಮೂರು ತಿಂಗಳಿಗೆ ಸಾಕಾಗುವಷ್ಟು ಮಾತ್ರ ಮಾಡಿ, ಆಮೇಲೆ ಕಾಳಿನ ಹುಳ ಬರುತ್ತದೆ.

ಕ್ಯಾಲೆಂಡುಲಾ ಎಣ್ಣೆ. ಒಡೆದ ಹಿಮ್ಮಡಿ, ಒಣಗಿದ ಕೈಗಳಿಗೆ ಇದು ನನ್ನ ಮೆಚ್ಚಿನದು. ಒಣ ಹೂವನ್ನು ಭರಣಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುವಷ್ಟು ತುಂಬಿ, ಹೂವು ಮುಳುಗಿ ಒಂದಿಂಚು ಮೇಲೆ ನಿಲ್ಲುವಷ್ಟು ಗಾಣದ ಎಳ್ಳೆಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಹಾಕಿ. ಕೊಬ್ಬರಿ ಎಣ್ಣೆ ಮೈಗೆ ಚೆನ್ನ, ಮೊಡವೆ ಇರುವವರ ಮುಖಕ್ಕೆ ಬೇಡ, ರಂಧ್ರ ಮುಚ್ಚುತ್ತದೆ. ಭರಣಿಗೆ ಖಾಕಿ ಪೇಪರ್ ಸುತ್ತಿ, ಬೆಚ್ಚಗಿರುವ ಕಿಟಕಿಯ ಬಳಿ ನಾಲ್ಕು ವಾರ ಇಡಿ, ಆಗಾಗ ಅಲ್ಲಾಡಿಸಿ. ಅವಸರ ಇದ್ದರೆ ಭರಣಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ನೀರು ಕುದಿಯದ ಹಾಗೆ ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಟ್ಟರೂ ಆಗುತ್ತದೆ. ಭರಣಿಯೊಳಗೆ ಆವಿಯ ಹನಿ ಬೀಳದಂತೆ ನೋಡಿಕೊಳ್ಳಿ. ಎಣ್ಣೆ ಹೊಂಬಣ್ಣಕ್ಕೆ ತಿರುಗಿದ ಮೇಲೆ ಬಟ್ಟೆಯಲ್ಲಿ ಸೋಸಿ. ಆರು ತಿಂಗಳು ಇರುತ್ತದೆ.

ಮುಲಾಮು ಬೇಕೆಂದರೆ ಇದೇ ಎಣ್ಣೆ 100 ಮಿಲಿಗೆ ಜೇನುಮೇಣ 20 ಗ್ರಾಂ. ನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಮೇಣ ಕರಗಿಸಿ, ಎಣ್ಣೆ ಸೇರಿಸಿ, ಒಂದು ಹನಿಯನ್ನು ತಣ್ಣಗಿನ ತಟ್ಟೆ ಮೇಲೆ ಬಿಟ್ಟು ಗಟ್ಟಿ ನೋಡಿ. ಬಳ್ಳಾರಿ, ವಿಜಯಪುರದ ಬೇಸಿಗೆಗೆ 25 ಗ್ರಾಂ ಮೇಣ ಬೇಕು, ಇಲ್ಲದಿದ್ದರೆ ಡಬ್ಬಿಯಲ್ಲೇ ಕರಗಿ ನೀರಾಗುತ್ತದೆ. ಮೇಣವನ್ನು ಜೇನು ಸಾಕುವವರ ಹತ್ತಿರವೇ ತನ್ನಿ, ಅಂಗಡಿಯದರಲ್ಲಿ ಮೇಣದಬತ್ತಿಯ ಮೇಣ ಬೆರೆಸಿರುವ ಸಾಧ್ಯತೆ ಇದೆ.

ಹಸಿ ಸೊಪ್ಪಿನ ಎಣ್ಣೆ. ಗರುಗ, ಒಂದೆಲಗ, ದಾಸವಾಳದ ಎಲೆಗೆ ನಮ್ಮ ಹಳೇ ಕ್ರಮವೇ ಸರಿ, ಕಾಯಿಸುವುದು. ಸೊಪ್ಪು ಅರೆದು ಹಿಂಡಿದ ರಸ ಒಂದು ಲೋಟ, ಕೊಬ್ಬರಿ ಎಣ್ಣೆ ಒಂದು ಲೋಟ, ದಪ್ಪ ತಳದ ಬಾಣಲೆ, ಸಣ್ಣ ಉರಿ. ಮೊದಲು ನೊರೆ ಬರುತ್ತದೆ, ಆಮೇಲೆ ಚಟಪಟ ಅಂತ ಸಿಡಿಯುತ್ತದೆ, ಅದು ಒಳಗಿನ ನೀರು. ಸೌಟು ಆಡಿಸುತ್ತಾ ಇರಿ. ಸದ್ದು ಕಡಿಮೆಯಾಗುತ್ತಾ ಬಂದು ಪೂರ್ತಿ ನಿಲ್ಲುತ್ತದೆ, ತಳದ ಗಸಿಯನ್ನು ಬೆರಳಲ್ಲಿ ಹೊಸೆದರೆ ಬತ್ತಿಯ ಹಾಗೆ ಸುರುಳಿಯಾಗುತ್ತದೆ. ಆ ಕ್ಷಣಕ್ಕೆ ಒಲೆ ಆರಿಸಿ. ಮೊದಲೇ ಆರಿಸಿದರೆ ನೀರು ಉಳಿದು ಎಣ್ಣೆ ಕೆಡುತ್ತದೆ, ತಡವಾದರೆ ಸೀದ ವಾಸನೆ. ಆ ಗಸಿಯ ಒಂದು ಚೂರನ್ನು ಉರಿಗೆ ಹಿಡಿದಾಗ ಸಿಡಿಯದೆ ಉರಿದರೆ ನೀರು ಹೋಗಿದೆ ಅಂತ ಅರ್ಥ.

ಗುಲಾಬಿ ನೀರು. ದೊಡ್ಡ ಪಾತ್ರೆಯ ಮಧ್ಯೆ ಒಂದು ಶುದ್ಧ ಕಲ್ಲಿಟ್ಟು ಅದರ ಮೇಲೆ ಖಾಲಿ ಬಟ್ಟಲಿಡಿ. ಸುತ್ತ ನಾಲ್ಕೈದು ಹಿಡಿ ತಾಜಾ ಎಸಳು, ಮುಳುಗುವಷ್ಟು ಕುಡಿಯುವ ನೀರು. ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ, ಹಿಡಿ ಬಟ್ಟಲಿನ ನೇರಕ್ಕೆ ಬರಲಿ, ಮೇಲೆ ಐಸ್ ತುಂಬಿ. ಸಣ್ಣ ಉರಿ. ಆವಿ ಮೇಲೇರಿ, ತಣ್ಣಗಾಗಿ, ಹಿಡಿಯಿಂದ ಹನಿಹನಿಯಾಗಿ ಬಟ್ಟಲಿಗೆ ಬೀಳುತ್ತದೆ. ಮೊದಲ ಒಂದು ಲೋಟದಲ್ಲೇ ಪರಿಮಳ ಇರುವುದು, ಆಮೇಲೆ ಬರುವುದು ಬರೀ ನೀರು. ಕುದಿಸಿ ಒಣಗಿಸಿದ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಎರಡು ವಾರದಲ್ಲಿ ಮುಗಿಸಿ. ಬಣ್ಣ ಗುಲಾಬಿ ಇರುವುದಿಲ್ಲ, ತಿಳಿ ನೀರೇ ಇರುತ್ತದೆ.

ಲೋಳೆಸರದ ತಿರುಳು ಫ್ರಿಜ್ಜಿನಲ್ಲಿ ಮೂರು-ನಾಲ್ಕು ದಿನ ಅಷ್ಟೇ. ಉಳಿದದ್ದನ್ನು ಮಿಕ್ಸಿಗೆ ಹಾಕಿ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟರೆ ಬಿಸಿಲಿಗೆ ಹೋಗಿ ಬಂದ ದಿನ ಒಂದು ತುಂಡು ತೆಗೆದು, ಕರಗಿಸಿ ಹಚ್ಚಬಹುದು.

ತಲೆಗೆ ದಾಸವಾಳದ ಎಲೆ ಹದಿನೈದಿಪ್ಪತ್ತನ್ನು ಒಂದು ಲೋಟ ನೀರಲ್ಲಿ ಕೈಯಿಂದ ಕಿವುಚಿ ಸೋಸಿದರೆ ಲೋಳೆ ಬರುತ್ತದೆ. ಮಲೆನಾಡಿನವರು ಮತ್ತಿ ಸೊಪ್ಪಿನಲ್ಲಿ ಮಾಡುವುದೂ ಇದನ್ನೇ. ಎಣ್ಣೆ ಹಚ್ಚಿದ ತಲೆಗೆ ಸೀಗೆಪುಡಿಯ ಜೊತೆ ಸೇರಿಸಿ.

ಹಚ್ಚುವ ಮೊದಲು ಇಷ್ಟು ಗಮನಿಸಿ

ಮನೆಯಲ್ಲಿ ಬೆಳೆದದ್ದು ಅಂದ ಮಾತ್ರಕ್ಕೆ ಎಲ್ಲರ ಚರ್ಮಕ್ಕೂ ಒಗ್ಗುವುದಿಲ್ಲ. ಮೊಣಕೈ ಒಳಗೆ ಸ್ವಲ್ಪ ಹಚ್ಚಿ, ಎರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ ಬಿಟ್ಟುಬಿಡಿ. ಮುಖ್ಯವಾಗಿ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡದ ಅಲರ್ಜಿ ಇರುವವರು ಕ್ಯಾಲೆಂಡುಲಾ, ಸೇವಂತಿಗೆ, ಗರುಗ ಇವನ್ನು ಮುಟ್ಟದಿರುವುದೇ ಒಳ್ಳೆಯದು. ಎಲ್ಲ ಒಂದೇ ಕುಟುಂಬದ ಗಿಡಗಳು, ಒಂದು ಆಗದವರಿಗೆ ಇನ್ನೊಂದೂ ಆಗದೇ ಇರಬಹುದು.

ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ, ಸುಟ್ಟ ಹಾಗೆ ಬೊಬ್ಬೆ ಎದ್ದು ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಡುಗೆ ಸೋಡಾ, ಟೂತ್‌ಪೇಸ್ಟ್ ಮೊಡವೆಗೆ ಬೇಡ. ಗೋರಂಟಿಯನ್ನು ಎಳೆ ಮಕ್ಕಳಿಗೆ ಹಚ್ಚಬೇಡಿ, ಜಿ6ಪಿಡಿ ಕೊರತೆ (ರಕ್ತದ ಕೆಂಪು ಕಣಗಳಿಗೆ ಬೇಕಾದ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವುದು) ಇರುವವರಿಗೆ ಅದು ರಕ್ತದ ಕಣ ಒಡೆಸುವಷ್ಟು ಅಪಾಯ. ಕಪ್ಪು ಮೆಹಂದಿ ಅಂತ ಮಾರುವುದರಲ್ಲಿ ತಲೆಗೂದಲಿನ ಡೈ ಇರುತ್ತದೆ, ಅದು ಯಾರಿಗೂ ಬೇಡ. ತೆರೆದ ಗಾಯ, ಕೀವು, ವಾರ ಕಳೆದರೂ ಹೋಗದ ದದ್ದು ಇದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಇಲ್ಲಿ ಹೇಳಿದ ಯಾವ ಎಣ್ಣೆಯೂ ಸನ್‌ಸ್ಕ್ರೀನ್ ಕೆಲಸ ಮಾಡುವುದಿಲ್ಲ.

ಯಾವಾಗ ಶುರು ಮಾಡುವುದು

ಮೇ ಕೊನೆಯಲ್ಲಿ ಓದುತ್ತಿದ್ದರೆ ಅರಿಶಿನ ಮೊದಲು ಇಡಿ. ಜೂನ್-ಜುಲೈಗೆ ಗುಲಾಬಿ, ದಾಸವಾಳದ ಕಡ್ಡಿ, ಒಂದೆಲಗ, ಲಾವಂಚ. ಅಕ್ಟೋಬರ್‌ಗೆ ಕ್ಯಾಲೆಂಡುಲಾ ಬೀಜ, ಗುಲಾಬಿ ಸವರುವುದು. ಡಿಸೆಂಬರ್‌ನಿಂದ ಫೆಬ್ರವರಿ ಒಣಗಿಸುವ ಕಾಲ, ಗಾಳಿ ಒಣಗಿರುತ್ತದೆ, ಹೂವೂ ಸಿಗುತ್ತದೆ, ಅರಿಶಿನವೂ ಕೈಗೆ ಬರುತ್ತದೆ. ವರ್ಷಕ್ಕೆ ಬೇಕಾದ ಪುಡಿಗೆ ಎಸಳು, ಎಲೆ ಎಲ್ಲವನ್ನೂ ಈ ಮೂರು ತಿಂಗಳಲ್ಲೇ ಒಣಗಿಸಿಟ್ಟುಕೊಳ್ಳಿ. ಲೋಳೆಸರದ ಮರಿಯನ್ನು ಮಾತ್ರ ಯಾವ ತಿಂಗಳಲ್ಲಾದರೂ ನೆಡಬಹುದು, ಜೋರು ಮಳೆಯ ದಿನ ಬಿಟ್ಟು.